ಹತ್ತು ಕುರ್ಚಿಗಳ ತರಗತಿ

ತೀರ್ಥಹಳ್ಳಿ
18 ನವೆಂಬರ್ 2025, ಮಂಗಳವಾರ

ಪ್ರೀತಿಯ ಅಪ್ಪಯ್ಯಾ,

ನಿನ್ನ ಎಡಮೊಣಕಾಲಿನ ನೋವು ಹೇಗಿದೆ? ಗೋವಾದ ಫೆರಿಯಲ್ಲಿ ಕೂರಲಿಕ್ಕೆ ಒಂದು ಸ್ಟೂಲನ್ನಾದರೂ ಕೊಟ್ಟರೋ ಇಲ್ಲವೋ? ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾವಿಬ್ಬರೂ ಫೋನ್ ಹಿಡಿದರೆ ನಲವತ್ತು ಸೆಕೆಂಡಿಗೆ ನೀನು ‘ಸರಿ ಹಂಗಾರೆ’ ಅನ್ನುತ್ತೀಯ, ನಾನು ಅದಕ್ಕೇ ಕಾದಿದ್ದವಳಂತೆ ಇಟ್ಟುಬಿಡುತ್ತೇನೆ. ಅದಕ್ಕೆ ಈ ಕಾಗದ. ಊರಲ್ಲಿ ಕೆರಿಯಮ್ಮಜ್ಜಿ ಗಟ್ಟಿಯಾಗಿದ್ದಾಳೆ. ಹೊಳೆಗೆ ಸೇತುವೆಯಾಗಿ, ನೀನು ಜನ-ಗಾಡಿ ದಾಟಿಸುತ್ತಿದ್ದ ಲಾಂಚ್ ನಿಂತಮೇಲೆ ಬಸ್ಸಿನವರು ಹೊಳೆ ನೋಡಲಿಕ್ಕೂ ಬಿಡದೆ ದಾಟಿಸುತ್ತಾರೆ ಎಂಬುದೊಂದೇ ಅವಳ ದೂರು.

ಕಾಲೇಜಿನ ವಿಷಯ ಹೇಳಬೇಕು. ಸಾಹಿತ್ಯ, ಇತಿಹಾಸ, ತತ್ವಶಾಸ್ತ್ರ ಎಲ್ಲವನ್ನೂ ಒಟ್ಟಿಗೆ ಓದಿಸುವ ಈ ಸಣ್ಣ ಕಾಲೇಜನ್ನು ಆರಿಸಿಕೊಳ್ಳುವಾಗ ನಾನೊಂದು ತಪ್ಪು ಮಾಡಿದ್ದೆ. ಜನ ಕಡಿಮೆ ಇದ್ದಲ್ಲಿ ಮಾತೂ ಕಡಿಮೆ ಎಂದುಕೊಂಡಿದ್ದೆ. ಪಿಯುಸಿಯಲ್ಲಿ ತೊಂಬತ್ತು ಜನರ ನಡುವೆ ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಲ್ಲಿ ಒಂದೇ ದುಂಡು ಮೇಜು, ಹತ್ತು ಕುರ್ಚಿ. ಹಿಂದಿನ ಬೆಂಚೇ ಇಲ್ಲ. ಸುಮ್ಮನಿರುವುದೂ ಕೇಳಿಸುತ್ತದೆ. ಚರ್ಚೆಯಲ್ಲಿ ಮಾತಾಡಿದ್ದಕ್ಕೆ ಇಪ್ಪತ್ತು ಅಂಕ. ನನಗೆ ಹೇಳಲು ಏನೂ ಇಲ್ಲವೆಂದಲ್ಲ. ಅನುವಾದದ ಕಾದಂಬರಿಗಳಲ್ಲಿ ಒಬ್ಬರು ಒಂದೇ ಉಸಿರಿಗೆ ಎರಡು ಪುಟ ಮಾತಾಡುತ್ತಾರಲ್ಲ, ಆಗ ಕೇಳುತ್ತ ಕೂತವರು ಏನು ಯೋಚಿಸುತ್ತಿರಬಹುದು ಎಂದು ನೋಡುವವಳು ನಾನು. ನನ್ನ ವಾಕ್ಯ ಸಿದ್ಧವಾಗುವಷ್ಟರಲ್ಲಿ ಚರ್ಚೆ ಎಲ್ಲಿಗೋ ಹೋಗಿರುತ್ತದೆ. ಎದುರಿಗೆ ಕೂರುವ ನಿಶಾಂತ್ ಒಮ್ಮೆ, ‘ಸುಷ್ಮಾ ಬಾಯಿ ತೆಗೆದ್ರೆ ಅವತ್ತು ರಜಾ ಕೊಡ್ಬೇಕು ಮೇಡಂ’ ಎಂದು ಎಲ್ಲರನ್ನೂ ನಗಿಸಿದ. ನಾನೂ ನಕ್ಕೆ. ಇಪ್ಪತ್ತಕ್ಕೆ ಎರಡು ಬಂತು.

ನೀನು ಊರಲ್ಲಿಲ್ಲದ್ದರಿಂದ ಅಂಕಪಟ್ಟಿ ಸಾಗರದ ಪುಷ್ಪಮ್ಮತ್ತೆಗೆ ಹೋಯಿತು. ‘ಬಾಯೇ ಬಿಡದಿದ್ ಹುಡ್ಗಿಗೆ ಅಲ್ಲೆಂತ ಕೆಲ್ಸ? ಸಾಗರದಾಗೆ ಆದ್ರೆ ಯಾರೂ ಮಾತಾಡ್ಸದಿಲ್ಲ, ಆರಾಮಾಗಿ ಪಾಸಾಗ್ತಾಳೆ’ ಎಂದು ಅಲ್ಲಿನ ದೊಡ್ಡ ಕಾಲೇಜಿನಲ್ಲಿ ಸೀಟು ವಿಚಾರಿಸಿ ಬಂದಳು. ಅವಳದು ಕಾಳಜಿಯೇ. ಎರಡು ದಿನ ನನಗೂ ಅದೇ ಸರಿ ಎನ್ನಿಸಿತು. ಮೂರನೆಯ ದಿನ, ಯಾರೂ ಮಾತಾಡಿಸದ ಮೂರು ವರ್ಷ ಹೇಗಿರಬಹುದೆಂದು ಯೋಚಿಸಿ, ಚರ್ಚೆ ನಡೆಸುವ ಕುಮುದಾ ಮೇಡಂ ಕೋಣೆಗೆ ಹೋದೆ. ನನಗೆ ಮಧ್ಯೆ ನುಗ್ಗಲು ಬರುವುದಿಲ್ಲ, ಚರ್ಚೆಯನ್ನು ಮೊದಲು ಶುರುಮಾಡಲು ಬಿಡಿ ಎಂದು ಕೇಳಿದೆ. ಅವರು ವೇಳಾಪಟ್ಟಿ ತೆರೆದು ನೋಡಿದರು. ಆಮೇಲೆ, ಸೋಮವಾರ ನೀನೇ ಶುರು ಮಾಡು ಅಂದರು.

ನಿನ್ನೆ ಸೋಮವಾರ. ಬೆಳಿಗ್ಗೆಯಿಂದ ನಿನ್ನ ಲಾಂಚ್ ನಿಲ್ಲುತ್ತಿದ್ದ ಹೊಳೆಬಾಗಿಲಿನದೇ ನೆನಪು. ಲಾಂಚ್ ಹತ್ತುವ ಗಾಡಿಗಳೆಲ್ಲ ಹಾರ್ನ್ ಬಾರಿಸಿದರೂ ನೀನು ಕೂಗಿದ್ದನ್ನು ನಾನು ಕಂಡಿಲ್ಲ. ಎತ್ತಿದ ಅಂಗೈಯನ್ನು ಇಂಜಿನ್‌ಗಳು ಆರುವವರೆಗೆ ನೀನು ಇಳಿಸುತ್ತಿರಲಿಲ್ಲ. ತರಗತಿಯಲ್ಲಿ ನಾನು ನಾಲ್ಕು ವಾಕ್ಯ ಹೇಳಿದ್ದೆನೋ ಇಲ್ಲವೋ, ನಿಶಾಂತ್ ನುಗ್ಗಿದ. ನನ್ನ ಕೈ ಮೇಲೆದ್ದಿತು. ‘ನಂದಿನ್ನೂ ಮುಗ್ದಿಲ್ಲ’ ಅಂದೆ. ಕೈ ಇಳಿಸಲಿಲ್ಲ. ಅವನು ನಿಲ್ಲಿಸಿದ. ಆಮೇಲೆ ಏಳು ನಿಮಿಷ ಮಾತಾಡಿದೆನಂತೆ. ಪಕ್ಕದ ಕುರ್ಚಿಯ ಸೌಜನ್ಯಾ ಗಡಿಯಾರ ನೋಡಿದ್ದಳು. ಚೆನ್ನಾಗಿ ಮಾತಾಡಿದೆನೆಂದಲ್ಲ, ಎರಡು ಕಡೆ ತಡವರಿಸಿದೆ. ಮುಂದಿನ ಸೋಮವಾರವೂ ನನ್ನದೇ ಎಂದು ಬರೆಸಿ ಬಂದಿದ್ದೇನೆ.

ರಾತ್ರಿ ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ. ನಿನಗೆ ನನ್ನ ನಮಸ್ಕಾರ, ಅಲ್ಲಿ ನಿನ್ನ ಜೊತೆ ಅಡುಗೆ ಮಾಡಿಕೊಳ್ಳುವ ಯೋಗರಾಜಣ್ಣನಿಗೂ.

ನಿನ್ನ ಮಗಳು,
ಸುಷ್ಮಾ

ಮತ್ತೊಂದು ಮಾತು: ನನ್ನನ್ನು ಈ ಕಾಲೇಜು ಬಿಡಿಸುವ ಅರ್ಜಿಗೆ ನಿನ್ನ ಸಹಿ ಬೇಕೆಂದು ಅತ್ತೆ ಅದನ್ನು ನಿನಗೆ ಪೋಸ್ಟ್ ಮಾಡಿದ್ದಾಳೆ. ಸಹಿ ಹಾಕಬೇಡ. ಅವಳಿಗೆ ಫೋನ್ ಮಾಡಿ ನೀನೇನೂ ಹೇಳುವುದೂ ಬೇಡ. ಶನಿವಾರ ಸಾಗರಕ್ಕೆ ಹೋಗಿ, ಎದುರಿಗೆ ಕೂತು, ನಾನೇ ಹೇಳುತ್ತೇನೆ.