ಜಂಬಣ್ಣನ ಪಾಲಿನ ಬೈಟು

ಜೂನ್ 3, ಸೋಮವಾರ

ಮತ್ತೋಡು ರಸ್ತೆವರೆಗೆ ವಾಕಿಂಗ್. ಒಬ್ಬನೇ. ಯಲ್ಲಕ್ಕನ ಹೋಟೆಲಿನಲ್ಲಿ ಮತ್ತೆ ಫುಲ್ ಟೀ, ಮತ್ತೆ ಅರ್ಧ ಬಿಟ್ಟೆ. ಶುಗರ್ ಇರುವವನು ಪೂರ್ತಿ ಕುಡಿಯುವುದು ಹೇಗೆ?

“ದಿನಾ ಚೆಲ್ಲಾಕೆ ನಂಗೆ ಬೇಜಾರಾಗ್ತೈತೆ ಸಾರ್,” ಅಂದಳು ಯಲ್ಲಕ್ಕ. “ಮೊದ್ಲಿನಂಗೆ ಬೈಟು ಹೇಳ್ರಿ.”

ಬೈಟು ಹೇಳಲು ಇನ್ನೊಬ್ಬ ಬೇಕಲ್ಲ. ಜಂಬಣ್ಣ ಮೂಲೆಯ ಬೆಂಚಿನಲ್ಲಿ ನನಗೆ ಬೆನ್ನು ಹಾಕಿ ಕುಳಿತಿದ್ದ. ಅವನ ಲೋಟದಲ್ಲೂ ಅರ್ಧ ಉಳಿದಿತ್ತು. ಅವನದು ಸೈಕಲ್ ಶಾಪ್, ನಾನು ರಿಟೈರ್ಡ್ ಸರ್ವೆಯರ್. ಹನ್ನೊಂದು ವರ್ಷ ಒಂದೇ ಟೀ, ಎರಡು ಲೋಟ. ಬೆಳಗ್ಗೆ ಬಂದು ನಮ್ಮ ಗೇಟಿನ ಚಿಲಕ ಬಡಿದು ಎಬ್ಬಿಸುತ್ತಿದ್ದವನೂ ಅವನೇ.

ಏಪ್ರಿಲ್‌ನಲ್ಲಿ, ಓಟಿಗೆ ಎರಡು ದಿನ ಮುಂಚೆ, ವಾಕಿಂಗಿನವರ ವಾಟ್ಸಾಪ್ ಗ್ರೂಪಿನಲ್ಲಿ ನಮ್ಮ ಪಾರ್ಟಿಯನ್ನು ಗೇಲಿ ಮಾಡಿ ಏನೋ ಹಾಕಿದ. ನಾನು ಅಡ್ಮಿನ್. ‘ದೇಶದ್ರೋಹಿ’ ಅಂತ ಬರೆದು ಅವನನ್ನು ಗ್ರೂಪಿನಿಂದ ತೆಗೆದುಹಾಕಿದೆ. ನಲವತ್ತು ಜನರ ಎದುರು.

ನಾಳೆ ಎಣಿಕೆ. ನಮ್ಮವರು ಭರ್ಜರಿಯಾಗಿ ಗೆಲ್ಲಲಿ. ಆಮೇಲೆ ದೊಡ್ಡ ಮನಸ್ಸು ಮಾಡಿ ನಾನೇ ಮಾತನಾಡಿಸುತ್ತೇನೆ.

ಜೂನ್ 4, ಮಂಗಳವಾರ. ಸಂಜೆ 6

ಬೆಳಗ್ಗೆಯೇ ಲಾಡು ತಂದಿಟ್ಟಿದ್ದೆ. ಮಧ್ಯಾಹ್ನದ ಹೊತ್ತಿಗೆ ಡಬ್ಬಿ ಬಿಚ್ಚುವ ಉತ್ಸಾಹ ಹೋಯಿತು. ನಮ್ಮವರೇ ಮುಂದೆ... ಆದರೆ ಒಬ್ಬರೇ ಸರ್ಕಾರ ಮಾಡುವಷ್ಟಿಲ್ಲ. ಬೇರೆಯವರ ಕೈ ಹಿಡಿಯಬೇಕು. ಐತಿಹಾಸಿಕ ಫಲಿತಾಂಶ ಅಂತ ಟಿವಿಯವರು. ಇಲ್ಲಿ ನೋಡಿದರೆ ಗೆದ್ದ ನಾನು ಸಪ್ಪಗೆ ಕುಳಿತಿದ್ದೇನೆ, ಸೋತವರು ಪಟಾಕಿ ಹೊಡೆಯುತ್ತಿದ್ದಾರೆ.

“ಒಳ್ಳೇದೇ ಆತು ಬಿಡ್ರಿ. ಇನ್ನಾದ್ರೂ ಒಬ್ರ ಮಾತು ಒಬ್ರು ಕೇಳ್ತಾರೆ,” ಅಂದಳು ಹೆಂಡತಿ ಪಾರ್ವತಮ್ಮ. ಲಾಡು ಮುರಿದು ನನಗೊಂದು ಚೂರು ಕೊಟ್ಟಳು.

ಹೌದೇನೋ. ಹಾಗಾದರೆ ಒಳ್ಳೆಯದೇ. ಸರ್ಕಾರ ಐದು ವರ್ಷ ನಡೆಯುತ್ತದೆಯೋ ಇಲ್ಲವೋ ಎಂಬ ಭಯವೂ ಇದೆ.

ಜೂನ್ 6, ಗುರುವಾರ

ಜಂಬಣ್ಣನನ್ನು ಗ್ರೂಪಿಗೆ ಮತ್ತೆ ಸೇರಿಸಿದೆ.

ಬಿಟ್ಟು ಹೋಗಿಲ್ಲ. ಏನೂ ಬರೆದೂ ಇಲ್ಲ.

ಜೂನ್ 10, ಸೋಮವಾರ

ನಿನ್ನೆ ಪ್ರಮಾಣವಚನ. ಪೂರ್ತಿ ನೋಡಿದೆ. ಖುಷಿಯಾಯಿತು. ಯಾರು ಯಾವಾಗ ಕೈಕೊಡುತ್ತಾರೋ ಅಂತಲೂ ಅನ್ನಿಸಿತು.

ಬೆಳಗ್ಗೆ ಹೋಟೆಲಿನಲ್ಲಿ ಒಬ್ಬನೇ ಕುಳಿತು ಬೈಟು ಹೇಳಿದೆ. ಯಲ್ಲಕ್ಕ ಒಂದು ಲೋಟ ನನ್ನ ಮುಂದೆ, ಇನ್ನೊಂದನ್ನು ಮೂಲೆಯ ಬೆಂಚಿಗೆ ಒಯ್ದು ಇಟ್ಟಳು. ಜಂಬಣ್ಣ ಲೋಟ ನೋಡಿದ, ತಿರುಗಿ ನನ್ನನ್ನು ನೋಡಿದ. ಕುಡಿದ.

“ಸರ್ಕಾರ ಎಷ್ಟು ದಿನ ಇರ್ತೈತಪ್ಪ?” ಅಂದ, ಗೋಡೆಯನ್ನು ಕೇಳುವವನ ಹಾಗೆ.

“ನೋಡಾಣ,” ಅಂದೆ.

ಅಷ್ಟೇ. ನಲವತ್ತೇಳು ದಿನದ ಮೇಲೆ ಒಂದೊಂದು ಮಾತು. ತಪ್ಪಾಯ್ತು ಅನ್ನುವುದು ಬಾಕಿ ಉಳಿಯಿತು. ಆದರೂ ದಿನವಿಡೀ ಮನಸ್ಸು ಹಗುರ. ಇಬ್ಬರ ಲೋಟವೂ ಖಾಲಿಯಾಗಿತ್ತು.

ಜೂನ್ 11, ಮಂಗಳವಾರ. ಬೆಳಗ್ಗೆ 5.40

ನಲವತ್ತು ಜನರ ಎದುರು ಅಂದದ್ದು. ನಲವತ್ತು ಜನರ ಎದುರೇ ವಾಪಸ್ ತೆಗೆದುಕೊಳ್ಳಬೇಕು. ಗ್ರೂಪಿನಲ್ಲಿ ಬರೆದೆ — ‘ಜಂಬಣ್ಣ, ನಾನು ಹಾಗೆ ಅನ್ನಬಾರದಿತ್ತು. ತಪ್ಪಾಯ್ತು.’ ಕಳಿಸಿದೆ.

ಅವನು ನೋಡಿದ್ದಾನೆ. ಹತ್ತು ನಿಮಿಷವಾಯಿತು. ಓಟು ಎಣಿಸುವ ದಿನವೂ ಇಷ್ಟು ಎದೆ ಹೊಡೆದುಕೊಂಡಿರಲಿಲ್ಲ. ಬರುತ್ತಾನೋ, ಬರದಿದ್ದರೆ ನಾನೇ ಅವನ ಮನೆಗೆ...

ಗೇಟಿನ ಚಿಲಕ.

“ಲೇ ಚಿತ್ರಲಿಂಗ, ಬರ್ದಿದ್ದು ಸಾಕು. ಬಾ, ಹೋಗಾಣ.”

ಚಪ್ಪಲಿ ಎಲ್ಲಿಟ್ಟೆ —