ಬೆರಳಸಂದಿಯ ಸೂರ್ಯ

ಅಹಮದಾಬಾದ್
೧೨ ಮೇ ೧೯೬೪

ತೀರ್ಥರೂಪ ತಂದೆಯವರ ಪಾದಗಳಿಗೆ ಜಯತೀರ್ಥನ ನಮಸ್ಕಾರಗಳು.

ನಾನು ಹೇಳುತ್ತಿದ್ದೇನೆ, ನಿಮ್ಮ ಸೊಸೆ ಇಂದುಮತಿ ಬರೆಯುತ್ತಿದ್ದಾಳೆ. ಕಳೆದ ತಿಂಗಳು ನೀವು ಇಲ್ಲಿಗೆ ಬಂದಾಗ ನಾನು ಮಾಳಿಗೆಯ ಮೇಲೆ ಮಾಧ್ಯಾಹ್ನಿಕಕ್ಕೆ ನಿಂತದ್ದನ್ನು ಕಂಡು, "ಎಷ್ಟೊತ್ತು ಸೂರ್ಯನ್ನ ನೋಡಿಕೋತ ನಿಂತ್ಯೋ! ಭಕ್ತಿ ಅಂದ್ರ ಹಿಂಗಿರಬೇಕು" ಎಂದಿರಿ. ಅದು ಭಕ್ತಿಯಲ್ಲ. ಈ ಊರಿಗೆ ಬಂದ ಮೇಲೆ ಸಂಧ್ಯಾವಂದನೆ ಬಿಟ್ಟೇಬಿಟ್ಟಿದ್ದೆ. ಅಂದು ನಿಮ್ಮೆದುರು ಬೆರಳು ಹೆಣೆದು ಸಂದಿಯಿಂದ ಸೂರ್ಯನನ್ನು ನೋಡಿದಾಗ ಮಂತ್ರ ಮರೆತುಹೋಗಿತ್ತು. ನೆನಪಾಗುವವರೆಗೂ ನೋಡುತ್ತಲೇ ನಿಂತೆ. ನೂರು ವರ್ಷ ಕಣ್ಣು ಕಾಣಲಿ ಎಂದು ಬೇಡುವ ಮಂತ್ರ ಅದು.

ಕಣ್ಣಿನ ಒಳಪರದೆ ಸುಟ್ಟಿದೆ, ಪೂರ್ತಿ ವಾಸಿಯಾಗುವುದು ಅನುಮಾನ ಎಂದರು ಡಾಕ್ಟರು. ಪ್ರಯೋಗಾಲಯದಲ್ಲಿ ಬಿಸಿಲು ಅಳೆಯುವುದೇ ನನ್ನ ಕೆಲಸ. ಬರಿಗಣ್ಣಿನಿಂದ ಸೂರ್ಯನನ್ನು ನೋಡಬೇಡಿ ಎಂದು ಅಲ್ಲಿ ಬೋರ್ಡು ಬರೆದು ಹಾಕಿದವನೂ ನಾನೇ. ಅಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.

ಇನ್ನು ಮುಂದೆ ದಯವಿಟ್ಟು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಮಠದಲ್ಲಿ ಎಲ್ಲರೆದುರು ನನ್ನ ಭಕ್ತಿಯನ್ನು ಹೊಗಳಿದ್ದಾಗಿ ನೀವು ಬರೆದ ಸಾಲನ್ನು ಇಂದುಮತಿಯೇ ಓದಿದಳು. ನಾನು ನೋಡಿದರೆ ಅಲ್ಲಿ ಬರೀ ಕಪ್ಪು ಚುಕ್ಕೆ.

ಸಹಿ ಮಾತ್ರ ನನ್ನ ಕೈಯದು. ಸಾಲು ತಪ್ಪಿದ್ದರೆ ಕ್ಷಮಿಸಿ.

ಜಯತೀರ್ಥ