ಎಲುಬೋ ಸೂಜಿಯೋ

ಭಾನುವಾರ, ಮಾರ್ಚ್ 3. ಮಧ್ಯಾಹ್ನ

ಚರ್ಚಿನಿಂದ ಬಂದು, ಸೊಂಟಕ್ಕೆ ಸುತ್ತುವ ಚಾಪೆ ಮಡಿಸಿಟ್ಟೆ. ಇವತ್ತು ಉಪದೇಶ ನನ್ನದಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಈ ಊರಿನಲ್ಲಿ ಬೈಬಲಿನ ಹಳೆಯ ಜ್ಞಾನವಚನಗಳು ಅಂದರೆ ಲಿಸಿಯಾಟೆ ಮೇಷ್ಟ್ರು, ಅಂದರೆ ನಾನು. ಈ ಸಲದ ಉಪದೇಶಕರ ಲಿಸ್ಟಿನಲ್ಲಿ ನನ್ನ ಅಕ್ಕ ಕಲೊಲೈನೆಯ ಹೆಸರು. ಆಕ್ಲೆಂಡಿನಲ್ಲಿ ಮೂವತ್ತು ವರ್ಷ ಬಟ್ಟೆ ಹೊಲಿದು ಬಂದವಳು. ಸೆಮಿನರಿಯ ಮೆಟ್ಟಿಲು ಹತ್ತಿದವಳಲ್ಲ.

ಅವಳಿಗೆ ಸಿಕ್ಕ ವಚನ— ಅಸೂಯೆ ಎಲುಬನ್ನೇ ಕೊಳೆಯಿಸುತ್ತದೆ ಅನ್ನುವುದು. ನಮ್ಮ ಟೊಂಗಾ ಮಾತಿನಲ್ಲಿ ಎಲುಬಿಗೂ ಸೂಜಿಗೂ ಒಂದೇ ಪದ, 'ಹುಯಿ'. ಇವಳು ಸೂಜಿ ಅಂದುಕೊಂಡಿದ್ದಾಳೆ!

"ತುಕ್ಕು ಹಿಡಿದ ಸೂಜೀಲಿ ಹೊಲಿದು ನೋಡ್ರಮ್ಮ. ಬಟ್ಟೆ ಹರಿಯುತ್ತೆ, ಬೆರಳೂ ಕೀವಾಗುತ್ತೆ. ಹೊಟ್ಟೆಕಿಚ್ಚಿನೋರ ಬಾಯೂ ಹಾಗೇ."

ಹೆಂಗಸರ ಸಾಲಿನಿಂದ "ಮಾಲಿಯೆ! ಮಾಲಿಯೆ!" ಭೇಷ್ ಅನ್ನುವ ಆ ಕೂಗು ಎಣಿಸಿದೆ— ಹದಿನೇಳು. ಹೋದ ತಿಂಗಳು ನನಗೆ ಬಿದ್ದದ್ದು ಎರಡು. ಅದರಲ್ಲೊಂದು ನನ್ನ ಹೆಂಡತಿ ಲೂಪೆಯದು.

ನೆಲದೊಲೆಯಿಂದ ತೆಗೆದ ಊಟ ಅರ್ಧಕ್ಕೇ ಬಿಟ್ಟು ಎದ್ದೆ.

ಮಂಗಳವಾರ, ಮಾರ್ಚ್ 5

ಪಾದ್ರಿಗಳು ಬೇಲಿಯಾಚೆಯಿಂದಲೇ— "ಮೇಷ್ಟ್ರೇ, ನೇಯಾಫುವಿನ ದೊಡ್ಡ ಸಭೇಲಿ ಈ ಸಲ ನಿಮ್ಮಕ್ಕನೇ ಮಾತಾಡ್ಲಿ ಅಂತಿದೀನಿ."

ಪ್ರತಿ ವರ್ಷ ಆ ಪಟ್ಟಣಕ್ಕೆ ಹೋಗುತ್ತಿದ್ದವನು ನಾನು. "ಸಂತೋಷ" ಅಂದೆ. ಸುಳ್ಳು. ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತಿದೆ.

ಲೂಪೆ ಗೆಣಸು ಸುಲಿಯುತ್ತ, "ಏನ್ರೀ, ಅತ್ತಿಗೆಯ ಸೂಜಿ ನಿಮಗೇ ಚುಚ್ಚಿದ ಹಾಗಿದೆ?"

"ಎಲುಬು ಕಣೇ ಅದು! ಎಲುಬು!"

ಗುರುವಾರ, ಮಾರ್ಚ್ 7

ಎದುರೆದುರು ಹೇಳುವಂತಿಲ್ಲ. ನಮ್ಮಲ್ಲಿ ಅಕ್ಕ ಇದ್ದ ಕಡೆ ತಮ್ಮ ಧ್ವನಿ ಎತ್ತುವುದಿಲ್ಲ. ಪಾದ್ರಿಗಳಿಗೆ ಕಾಗದ ಬರೆದೆ. ಹೆಸರು ಹಾಕಲಿಲ್ಲ. 'ಮೂಲದಲ್ಲಿರುವುದು ಎಲುಬು. ಮಕ್ಕಳೂ ಮಾಡದ ತಪ್ಪು. ಇಂಥವರನ್ನು ಕಳಿಸಿದರೆ ಊರಿನ ಮಾನ ಹೋಗುತ್ತದೆ.'

ಕವರ್ ಅಂಟಿಸಿದಾಗ ಹಿತವಾಯಿತು. ನಾಚಿಕೆಯಾಗಬೇಕಿತ್ತು.

ಭಾನುವಾರ, ಮಾರ್ಚ್ 17

ಪಾದ್ರಿಗಳು ಕಾಗದವನ್ನು ಅಕ್ಕನ ಕೈಗೇ ಕೊಟ್ಟಿದ್ದಾರೆ. ಅವಳು ಅದನ್ನು ಹಿಡಿದು ವೇದಿಕೆ ಹತ್ತಿದಾಗಲೇ ನನಗೆ ಗೊತ್ತಾದದ್ದು.

"ಯಾರೋ ತಿಳಿದವರು ಬರೆದಿದಾರೆ. ಸರಿಯಾಗೇ ಬರೆದಿದಾರೆ. ಅದು ಎಲುಬೇ. ತಪ್ಪು ನಂದು. ನೇಯಾಫುಗೆ ನನ್ನ ತಮ್ಮನೇ ಹೋಗ್ಲಿ."

ಹೆಂಗಸರ ಸಾಲಿನ ಕಡೆ ತಿರುಗಿದಳು.

"ಆದ್ರೆ ಸೂಜಿ ಅಂತ ನಾನು ಕೇಳಿದ್ದು ಇದೇ ಚರ್ಚಲ್ಲಿ. ತಮ್ಮನಿಗೆ ಆಗ ಹತ್ತೊಂಬತ್ತು. ಅವನ ಮೊದಲ್ನೇ ಉಪದೇಶ. ಹುಯಿ ಅಂದ್ರೆ ಸೂಜಿ ಅಂತ ಅವನೇ ಹೇಳಿದ. ಎಲ್ರೂ ನಕ್ರು. ನಾನೊಬ್ಳೇ ಮಾಲಿಯೆ ಅಂತ ಕೂಗಿದೆ. ಆಕ್ಲೆಂಡಲ್ಲಿ ಸೂಜಿ ಹಿಡಿದಾಗೆಲ್ಲ ಅವನ ಮಾತೇ ನೆನಪಾಗೋದು."

ಮರೆತೇಬಿಟ್ಟಿದ್ದೆ. ಅಪ್ಪನ ದೊಗಳೆ ಅಂಗಿ. ಆ ನಗು. ಆ ನಗುವಿಗೆ ಹೆದರಿಯೇ ಅಲ್ಲವೇ ಆಮೇಲೆ ಕೂತು ಅದು ಎಲುಬು ಅಂತ ಕಲಿತದ್ದು...

ಅಕ್ಷರ ಗುರುತಿಸಿದ್ದಾಳೆ. ಮೂವತ್ತು ವರ್ಷ ತಿಂಗಳಿಗೊಂದರಂತೆ ಅವಳಿಗೆ ಬರೆದ ಕೈ ಇದು. ಕಾಗದ ಮಡಿಸಿ ಇಟ್ಟುಕೊಂಡಳು. ನನ್ನ ಕಡೆ ಮಾತ್ರ ನೋಡಲಿಲ್ಲ.

ಚರ್ಚಿನಲ್ಲಿ ಒಬ್ಬರೂ ಕೂಗಲಿಲ್ಲ. ಮೊದಲ ಕೂಗು ತಮ್ಮನದೇ ಆಗಲಿ ಅಂತ ಎಲ್ಲರೂ ನನ್ನ ಕಡೆ ತಿರುಗಿ ಕಾಯುತ್ತಿದ್ದರು. ಲೂಪೆ ಮೊಣಕೈಯಿಂದ ತಿವಿದಳು. ಎದ್ದು ನಿಂತೆ. ಕೂಗಬೇಕಾದ್ದು ಮೂರೇ ಅಕ್ಷರ.

"ಮಾಲಿ—" ಅಷ್ಟಕ್ಕೇ ನಿಂತಿತು. ಉಳಿದ ಒಂದಕ್ಷರವನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ— ಯೆ.